ಸ್ವಾಗತದ ಚೀಲ: ಕಾಸರಗೋಡಿನ ಒಂದು ಗೇರುಬೀಜ ಘಟಕದ ಪ್ರಕರಣ ಅಧ್ಯಯನ

ಕುಂಬಳೆಯಿಂದ ಬದಿಯಡ್ಕಕ್ಕೆ ಹೋಗುವ ಹಾದಿಯ ಒಳಭಾಗದಲ್ಲಿ ಒಂದು ಗೇರುಬೀಜ ಸಂಸ್ಕರಣಾ ಘಟಕವಿದೆ. ಅದರ ಕಚೇರಿ ಕೆಲಸವನ್ನೂ ಸಿಬ್ಬಂದಿಯ ವಿಚಾರಗಳನ್ನೂ ನಾನು ನೋಡಿಕೊಳ್ಳುತ್ತೇನೆ. ಈ ಬರಹದ ಕಾಲಕ್ಕೆ, ಎಂದರೆ 2022 ಮತ್ತು 2023ರಲ್ಲಿ, ಘಟಕದಲ್ಲಿ 58 ಮಂದಿ ಕೆಲಸಗಾರರಿದ್ದು ಅವರಲ್ಲಿ 41 ಮಂದಿ ಹೆಂಗಸರು. ಹಸಿ ಬೀಜವನ್ನು ಹಬೆಯಲ್ಲಿ ಬೇಯಿಸುವುದು, ಕಟಿಂಗ್ ಯಂತ್ರದಲ್ಲಿ ಓಡು ಬಿಡಿಸುವುದು, ಬೋರ್ಮ ಎಂಬ ಬಿಸಿ ಗೂಡಿನಲ್ಲಿ ತಿರುಳನ್ನು ಒಣಗಿಸುವುದು, ಸಿಪ್ಪೆ ಸುಲಿಯುವುದು, ಗ್ರೇಡ್ ಮಾಡುವುದು, ಕೊನೆಗೆ ಟಿನ್ನು ತುಂಬಿಸುವುದು, ಹೀಗೆ ಕೆಲಸ ಸಾಗುತ್ತದೆ. ಸುಲಿಯುವವರಿಗೆ ಕಿಲೋ ಲೆಕ್ಕದ ಕೂಲಿ, ಉಳಿದವರಿಗೆ ದಿನದ ಸಂಬಳ. ಎರಡನ್ನೂ ತಿಂಗಳಿಗೊಮ್ಮೆ ಬ್ಯಾಂಕ್ ಖಾತೆಗೆ ಹಾಕುತ್ತೇವೆ.

ಹೊಸಬರು ಸೇರುವುದು ಹೆಚ್ಚಾಗಿ ಜೂನ್ ತಿಂಗಳಿನಲ್ಲಿ. ಶಾಲೆ ತೆರೆದು ಮಕ್ಕಳು ಹೊರಟ ಮೇಲೆ, ತೋಟದ ಕೆಲಸ ಮಳೆಗೆ ಕಡಿಮೆಯಾದ ಮೇಲೆ, ಹೆಂಗಸರು ಕೆಲಸ ಕೇಳಿಕೊಂಡು ಬರುತ್ತಾರೆ. 2022ರ ಜೂನ್‌ನಲ್ಲಿ ಒಂಬತ್ತು ಮಂದಿ ಸೇರಿದರು. ಜುಲೈ ಮುಗಿಯುವುದರೊಳಗೆ ಅವರಲ್ಲಿ ನಾಲ್ವರು ಬಿಟ್ಟರು. ಸಿಪ್ಪೆ ಸುಲಿಯುವ ಕೈ ಪಳಗಬೇಕಾದರೆ ಎರಡು ಮೂರು ತಿಂಗಳು ಬೇಕು. ತಿರುಳು ಒಡೆಯದೆ ಇಡಿಯಾಗಿ ಬಂದರೆ ಮಾತ್ರ ಅದಕ್ಕೆ ಒಳ್ಳೆಯ ಬೆಲೆ, ತುಂಡಾದರೆ ಬೆಲೆ ಇಳಿಯುತ್ತದೆ. ಕಲಿಯುವ ಹೊತ್ತಿನಲ್ಲೇ ನಾಲ್ವರು ಹೋದದ್ದು ಘಟಕಕ್ಕೆ ನಷ್ಟ, ಕಲಿಸುತ್ತಿದ್ದ ಹಿರಿಯರಿಗೂ ಬೇಸರ. ಆಗ ನಮ್ಮ ಯಜಮಾನರು ನನ್ನನ್ನು ಕರೆದು, ಹೊಸಬರಿಗೆ ಕೊಡುವ ಸ್ವಾಗತದ ಚೀಲವನ್ನು ಇನ್ನಷ್ಟು ಚೆನ್ನಾಗಿ ಮಾಡಬೇಕು ಎಂದರು. ಅವರ ಮನಸ್ಸಿನಲ್ಲಿದ್ದದ್ದು ಒಳ್ಳೆಯ ಗುಣಮಟ್ಟದ ಉಡುಗೊರೆ.

ಆವರೆಗೆ ನಾವು ಕೊಡುತ್ತಿದ್ದ ಚೀಲದಲ್ಲಿ ಒಂದು ಸ್ಟೀಲ್ ಬಾಟಲಿ, ಡೈರಿ, ಪೆನ್ನು ಮತ್ತು 32 ಪುಟಗಳ ಒಂದು ಕೈಪಿಡಿ ಇರುತ್ತಿದ್ದವು. ಕೈಪಿಡಿ ಇಂಗ್ಲಿಷಿನಲ್ಲಿತ್ತು. ಕೊನೆಯ ನಾಲ್ಕು ಪುಟಗಳಲ್ಲಿ ಅದರ ಸಾರಾಂಶವನ್ನು ಕನ್ನಡಕ್ಕೂ ಮಲಯಾಳಕ್ಕೂ ತರ್ಜುಮೆ ಮಾಡಿಸಿ ಹಾಕಿದ್ದೆವು. ಅದನ್ನು ಬೇರೊಂದು ದೊಡ್ಡ ಸಂಸ್ಥೆಯ ಮಾದರಿಯನ್ನು ಮುಂದಿಟ್ಟುಕೊಂಡು ನಾನೇ ಸಿದ್ಧಪಡಿಸಿದ್ದೆ. ಸಂಸ್ಥೆಯ ಧ್ಯೇಯ, ಇ-ಮೇಲ್ ಬಳಕೆಯ ಶಿಸ್ತು, ಉಡುಪಿನ ನಿಯಮ, ಗೋಪ್ಯತೆ ಎಲ್ಲವೂ ಅದರಲ್ಲಿದ್ದವು. ಆದರೆ ಮೊದಲ ಸಂಬಳ ಯಾವ ದಿನ ಕೈಗೆ ಬರುತ್ತದೆ ಎಂಬ ಒಂದು ಸಾಲು 32 ಪುಟಗಳಲ್ಲಿ ಎಲ್ಲಿಯೂ ಇರಲಿಲ್ಲ.

ಬಿಟ್ಟವರ ಮನೆಗೆ

ಹೊಸ ಚೀಲಕ್ಕೆ ಕೈ ಹಾಕುವ ಮೊದಲು ಬಿಟ್ಟು ಹೋದವರನ್ನು ಕಂಡು ಮಾತಾಡಬೇಕು ಎಂದು ನನಗನಿಸಿತು. ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ನಮ್ಮಲ್ಲಿ ಸುಲಿಯುವ ಕೆಲಸ ಮಾಡಿದ ಹಿರಿಯ ಅಕ್ಕ ಒಬ್ಬರು ಜೊತೆಗೆ ಬಂದರು. ಅವರು ಬಾರದೆ ನಾನೊಬ್ಬಳೇ ಹೋಗಿದ್ದರೆ ಆ ಮನೆಗಳಲ್ಲಿ ಚಹಾ ಸಿಗುತ್ತಿತ್ತೇ ಹೊರತು ನಿಜ ಸಿಗುತ್ತಿರಲಿಲ್ಲ.

ನೀರ್ಚಾಲು ಕಡೆಯ ಮೊದಲ ಮನೆಯಾಕೆ ಬಳೆಯ ವಿಷಯ ಹೇಳಿದಳು. ಆಹಾರ ಸುರಕ್ಷತೆಯ ನಿಯಮದಂತೆ, ತಿನ್ನುವ ವಸ್ತುವನ್ನು ಮುಟ್ಟುವವರು ಬಳೆ, ಉಂಗುರ, ಗಡಿಯಾರ ಹಾಕಬಾರದು. ಟಿನ್ನಿಗೆ ಗಾಜಿನ ಚೂರು ಬಿದ್ದರೆ ಏನಾಗಬಹುದೆಂದು ವಿವರಿಸಬೇಕಾಗಿಲ್ಲ. ನಿಯಮ ಸರಿಯೇ. ಆದರೆ ಮದುವೆಯಾಗಿ ಎರಡು ವರ್ಷವಾದ ಹೆಂಗಸಿಗೆ ಕೆಲಸದ ಮೊದಲ ಬೆಳಿಗ್ಗೆ, ಹತ್ತು ಮಂದಿಯ ಮುಂದೆ, ಬಾಗಿಲಲ್ಲೇ ನಿಲ್ಲಿಸಿ ಬಳೆ ತೆಗೆಯಿರಿ ಎಂದು ಸೂಪರ್‌ವೈಸರ್ ಹೇಳಿದ್ದರು. “ತೆಗೀಲಿಕ್ಕೆ ಆಗುದಿಲ್ಲ ಅಂತ ಅಲ್ಲ ಅಕ್ಕ. ಮೊದಲೇ ಹೇಳಿದ್ರೆ ಅತ್ತೆ ಹತ್ರ ಒಂದು ಮಾತು ಕೇಳಿ, ಮನೆಯಲ್ಲೇ ತೆಗೆದಿಟ್ಟು ಬರ್ತಿದ್ದೆ,” ಎಂದಳು. ತೆಗೆದ ಬಳೆಯನ್ನು ಎಲ್ಲಿಡಬೇಕೆಂದೂ ಯಾರೂ ಹೇಳಿರಲಿಲ್ಲ. ಕರವಸ್ತ್ರದಲ್ಲಿ ಕಟ್ಟಿ ಊಟದ ಬುತ್ತಿಯ ಜೊತೆ ಇಟ್ಟಿದ್ದಳು, ಸಂಜೆ ನೋಡುವಾಗ ಎರಡು ಒಡೆದಿದ್ದವು.

ಎರಡನೆಯವಳು ಸಂಬಳದ ಲೆಕ್ಕ ತೆಗೆದಳು. ಅದಕ್ಕೂ ಮೊದಲು ಆಕೆ ಅಡಿಕೆ ಸುಲಿಯುವ ಕೆಲಸಕ್ಕೆ ಹೋಗುತ್ತಿದ್ದು, ಅಲ್ಲಿ ಶನಿವಾರ ಶನಿವಾರ ಹಣ ಕೈಗೆ ಬರುತ್ತಿತ್ತು. ನಮ್ಮಲ್ಲಿ ಜೂನ್ 6ಕ್ಕೆ ಸೇರಿದವಳಿಗೆ ಜುಲೈ 7ರವರೆಗೆ ಒಂದು ರೂಪಾಯಿ ಕಾಣಲಿಲ್ಲ. ಸಾವಿರಕ್ಕಿಂತ ಕಡಿಮೆ ಕೆಲಸಗಾರರಿರುವಲ್ಲಿ ತಿಂಗಳ ಸಂಬಳವನ್ನು ಮುಂದಿನ ತಿಂಗಳ 7ನೇ ತಾರೀಕಿನೊಳಗೆ ಕೊಡಬೇಕೆಂದು ಆಗ ಜಾರಿಯಲ್ಲಿದ್ದ 1936ರ ವೇತನ ಪಾವತಿ ಕಾಯಿದೆ ಹೇಳುತ್ತಿತ್ತು. ನಾವು ಅದನ್ನು ಪಾಲಿಸಿದ್ದೆವು. ಕಾನೂನು ಪಾಲಿಸಿದ ನಮಗೆ, ಸ್ವಸಹಾಯ ಗುಂಪಿನ ವಾರದ ಕಂತನ್ನು ಆಕೆ ಆ ನಾಲ್ಕು ವಾರ ಹೇಗೆ ಕಟ್ಟುತ್ತಾಳೆಂಬ ಯೋಚನೆ ಬಂದಿರಲಿಲ್ಲ. ಕೊನೆಗೆ ಖಾತೆಗೆ ಬಂದ ಹಣವೂ ಆಕೆ ಬೆರಳೆಣಿಸಿ ಇಟ್ಟುಕೊಂಡಿದ್ದ ಮೊತ್ತಕ್ಕಿಂತ ಕಡಿಮೆಯಿತ್ತು. ನಿವೃತ್ತಿಯ ಉಳಿತಾಯವಾದ ಪಿ.ಎಫ್. ಮತ್ತು ಕಾರ್ಮಿಕರ ವಿಮೆಯಾದ ಇ.ಎಸ್.ಐ. ಕಡಿತವಾಗಿತ್ತು. ಆಕೆಗೆ ಅದು ಮೋಸವಾಗಿ ಕಂಡಿತು. ವಿವರಣೆ ಕೊಡದೆ ಹಣ ಹಿಡಿದರೆ ಯಾರಿಗಾದರೂ ಹಾಗೆಯೇ ಕಾಣುತ್ತದೆ ಎಂದು ನಾನು ಈಗ ನಂಬಿದ್ದೇನೆ.

ಪೆರ್ಲ ಕಡೆಯಿಂದ ಬರುತ್ತಿದ್ದ ಮೂರನೆಯವಳಿಗೆ ಕಟಿಂಗ್ ವಿಭಾಗದಲ್ಲಿ ಕೈ ಸುಟ್ಟಂತಾಗಿ ಚರ್ಮ ಏಳುತ್ತಿತ್ತು. ಗೇರುಬೀಜದ ಓಡಿನೊಳಗಿನ ಎಣ್ಣೆ ಚರ್ಮವನ್ನು ಸುಡುತ್ತದೆ. ಹಳಬರು ಕೆಲಸಕ್ಕೆ ಕೂರುವ ಮೊದಲು ಅಂಗೈಗೆ, ಬೆರಳ ಸಂದಿಗೆ ತೆಂಗಿನೆಣ್ಣೆ ಹಚ್ಚಿಕೊಂಡು ಆಮೇಲೆ ಗವಸು ಹಾಕುತ್ತಾರೆ. ಅದು ಅವರಿಗೆ ಎಷ್ಟು ಅಭ್ಯಾಸವಾಗಿದೆಯೆಂದರೆ ಹೊಸಬಳಿಗೆ ಹೇಳಬೇಕೆಂದು ಯಾರಿಗೂ ಹೊಳೆಯಲಿಲ್ಲ. ಅದರ ಮೇಲೆ ಸಂಜೆಯ ಬಸ್ಸು 5.20ಕ್ಕೆ, ನಮ್ಮ ಬಿಡುವ ಹೊತ್ತು 5.30. ಮುಂದಿನ ಬಸ್ಸಿಗೆ ಮುಕ್ಕಾಲು ಗಂಟೆ ಕಾದು, ಇಳಿದ ಮೇಲೆ ಮಳೆಯಲ್ಲಿ ಗುಡ್ಡ ಹತ್ತಿ ಮನೆ ಸೇರುವಾಗ ಕತ್ತಲಾಗುತ್ತಿತ್ತು. ನಾಲ್ಕನೆಯವರು ಯಾಕೆ ಬಿಟ್ಟರೆಂದು ಕೊನೆಗೂ ಹೇಳಲಿಲ್ಲ. ನಾವೂ ಒತ್ತಾಯಿಸಲಿಲ್ಲ.

ಈ ಮನೆಗಳಿಂದ ಹಿಂದಿರುಗುವ ಹೊತ್ತಿಗೆ ಉಡುಗೊರೆಯ ಆಲೋಚನೆ ನನ್ನ ಮನಸ್ಸಿನಿಂದ ಹೊರಟುಹೋಗಿತ್ತು. ಹೊಸಬರು ಮೊದಲ ತಿಂಗಳಲ್ಲಿ ಯಾವುದನ್ನು ತಿಳಿಯದೆ ತೊಂದರೆಪಡುತ್ತಾರೋ ಅದು ಚೀಲದಲ್ಲಿರಬೇಕು; ಅವರು ಓದಬಲ್ಲ, ಕೇಳಬಲ್ಲ ಮಾತಿನಲ್ಲಿರಬೇಕು. ಇದನ್ನು ಯಜಮಾನರಿಗೆ ಹೇಳಿದಾಗ ಅವರು ಒಪ್ಪಿದರು. ಸಂಬಳದ ಲೆಕ್ಕವನ್ನು ಮೊದಲೇ ಬರೆದು ಕೊಟ್ಟರೆ ಚರ್ಚೆಗೆ ಬರುತ್ತಾರೆ ಎಂಬ ಅಳುಕು ಅವರಿಗಿತ್ತು. ಚರ್ಚೆಗೆ ಬಂದವರು ಉಳಿಯುತ್ತಾರೆ, ಬಾರದವರು ಹೇಳದೆ ಹೋಗುತ್ತಾರೆ ಎಂದು ನಾನು ಉತ್ತರಿಸಿದೆ. ಅವರು ಪೂರ್ತಿ ಸಮಾಧಾನಗೊಳ್ಳಲಿಲ್ಲ, ಆದರೆ ತಡೆಯಲೂ ಇಲ್ಲ.

ಯಾವ ಭಾಷೆಯಲ್ಲಿ ಬರೆಯುವುದು

ಬೇರೆ ಊರಿನಲ್ಲಿ ಇದು ಪ್ರಶ್ನೆಯೇ ಆಗುತ್ತಿರಲಿಲ್ಲ. ಕಾಸರಗೋಡಿನಲ್ಲಿ ಇದೇ ದೊಡ್ಡ ಪ್ರಶ್ನೆ. 1956ರ ನವೆಂಬರ್ 1ರವರೆಗೆ ಈ ತಾಲೂಕು ಮದ್ರಾಸ್ ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿದ್ದು, ಆ ದಿನ ಕೇರಳಕ್ಕೆ ಸೇರಿತು. 1984ರಲ್ಲಿ ಕಾಸರಗೋಡು ಪ್ರತ್ಯೇಕ ಜಿಲ್ಲೆಯಾಯಿತು. ಕನ್ನಡ ಶಾಲೆಗಳು ಇಂದಿಗೂ ಇವೆ, ಆದರೆ ಒಂದೇ ಮನೆಯಲ್ಲಿ ಅಜ್ಜಿ ಕನ್ನಡ ಓದುತ್ತಾರೆ, ತಾಯಿ ಎರಡನ್ನೂ ತಡವರಿಸಿ ಓದುತ್ತಾಳೆ, ಮಗಳು ಮಲಯಾಳ ಮಾಧ್ಯಮದಲ್ಲಿ ಕಲಿತಿರುತ್ತಾಳೆ. ಮಾತಿಗೆ ಬಂದರೆ ತುಳು, ಬ್ಯಾರಿ, ಹವ್ಯಕ ಕನ್ನಡ, ಮರಾಠಿ, ಕೊಂಕಣಿ, ಮಲಯಾಳ ಎಲ್ಲವೂ ನಮ್ಮ ಅಂಗಳದಲ್ಲಿ ಕೇಳುತ್ತವೆ. ಮಾತಾಡುವ ಭಾಷೆಯೂ ಓದುವ ಭಾಷೆಯೂ ಒಂದೇ ಆಗಿರುವವರು ನಮ್ಮಲ್ಲಿ ಕಡಿಮೆ.

ಆಗ ಜಾರಿಯಲ್ಲಿದ್ದ 1948ರ ಕಾರ್ಖಾನೆ ಕಾಯಿದೆಯ 108ನೇ ಕಲಮಿನ ಪ್ರಕಾರ, ಕಾರ್ಖಾನೆಯಲ್ಲಿ ತೂಗಹಾಕಬೇಕಾದ ಸೂಚನೆಗಳು ಇಂಗ್ಲಿಷಿನಲ್ಲಿಯೂ ಕೆಲಸಗಾರರಲ್ಲಿ ಬಹುಸಂಖ್ಯಾತರಿಗೆ ಅರ್ಥವಾಗುವ ಭಾಷೆಯಲ್ಲಿಯೂ ಇರಬೇಕು. ನಮ್ಮಲ್ಲಿ ಆ ಬಹುಸಂಖ್ಯಾತರ ಭಾಷೆ ಯಾವುದು ಎಂದು ತಿಳಿಯಲು ನಾನು ಒಬ್ಬೊಬ್ಬರನ್ನೇ ಕೇಳಿ ಪಟ್ಟಿ ಮಾಡಿದೆ. ಕನ್ನಡ ಓದಲು ಸುಲಭ ಎಂದವರು 27, ಮಲಯಾಳ ಎಂದವರು 22, ಹಿಂದಿ ಎಂದವರು 6, ಯಾವುದನ್ನೂ ಓದಲಾಗದವರು 3. ಅರ್ಧ ದಾಟಿದ ಭಾಷೆಯೇ ಇರಲಿಲ್ಲ. ಹೆಚ್ಚಿನವರಿಗೆ ಕೇಳಿದರೆ ಅರ್ಥವಾಗುವ ಮಾತು ಎಂದರೆ ತುಳು. ಆದರೆ ತುಳು ಆಡುವವರು ಓದುವುದು ಕನ್ನಡ ಲಿಪಿಯಲ್ಲಿ ಇಲ್ಲವೇ ಮಲಯಾಳ ಲಿಪಿಯಲ್ಲಿ.

ಮೊದಲು ನಾವು ಎರಡು ಬೇರೆ ಬೇರೆ ಕಟ್ಟುಗಳನ್ನು ಮಾಡಿ, ಸೇರುವವರ ಹೆಸರು ಮತ್ತು ಊರು ನೋಡಿ ಇದು ಕನ್ನಡದ್ದು, ಇದು ಮಲಯಾಳದ್ದು ಎಂದು ಹಂಚಲು ಯೋಚಿಸಿದೆವು. ಅದು ತಪ್ಪೆಂದು ಪ್ರಾಯೋಗಿಕವಾಗಿ ಹಂಚಿದ ದಿನವೇ ತಿಳಿಯಿತು. ಹೆಸರಿನಿಂದ ಅಪ್ಪಟ ಕನ್ನಡದವಳು ಎಂದು ನಾನು ತಿಳಿದಿದ್ದ ಸೊಸೆಯೊಬ್ಬಳು ಚಂದ್ರಗಿರಿ ಹೊಳೆಯ ದಕ್ಷಿಣದಲ್ಲಿ ಬೆಳೆದು ಮಲಯಾಳದಲ್ಲೇ ಓದಿದವಳು. ಕೊಟ್ಟದ್ದನ್ನು ಸುಮ್ಮನೆ ಮಡಚಿ ಚೀಲಕ್ಕೆ ಹಾಕಿಕೊಂಡಳು, ಬೇರೆ ಕೇಳಲಿಲ್ಲ. ಅಂದಿನಿಂದ ಪ್ರತಿ ಹಾಳೆಯ ಒಂದು ಮಗ್ಗುಲಲ್ಲಿ ಕನ್ನಡ, ಇನ್ನೊಂದು ಮಗ್ಗುಲಲ್ಲಿ ಮಲಯಾಳ ಎಂದು ತೀರ್ಮಾನಿಸಿದೆವು. ಯಾರಿಗೆ ಯಾವುದು ಎಂದು ನಾವು ಊಹಿಸುವ ಅಗತ್ಯವೇ ಉಳಿಯಲಿಲ್ಲ, ಮನೆಯಲ್ಲಿ ಅತ್ತೆ ಒಂದು ಬದಿ, ಸೊಸೆ ಇನ್ನೊಂದು ಬದಿ ಓದಬಹುದು.

ಬರೆದದ್ದನ್ನು ಮುದ್ರಣಕ್ಕೆ ಕಳಿಸುವ ಮೊದಲು ಊಟದ ಬಿಡುವಿನಲ್ಲಿ ಗಟ್ಟಿಯಾಗಿ ಓದಿಸಿ ಕೇಳಿದ್ದರಿಂದ ದೊಡ್ಡ ಅನಾಹುತವೊಂದು ತಪ್ಪಿತು. ಹಳೆಯ ಕೈಪಿಡಿಯ ಕನ್ನಡ ಸಾರಾಂಶದಲ್ಲಿ, ದೂರು ಬಂದರೆ ಎರಡೂ ಕಡೆಯವರ ನಡುವೆ ರಾಜಿ ಮಾಡಿಸಲಾಗುವುದು ಎಂಬ ವಾಕ್ಯವಿತ್ತು. ನಾನು ಅದನ್ನು ಹಾಗೆಯೇ ಉಳಿಸಿಕೊಂಡಿದ್ದೆ. ಮಲಯಾಳದಲ್ಲಿ ಕಲಿತು ಮನೆಯಲ್ಲಿ ತುಳು ಆಡುವ ಹುಡುಗಿ ಕೇಳಿದಳು: “ದೂರು ಕೊಟ್ಟವರೇ ರಾಜಿ ಕೊಡ್ಬೇಕಾ ಅಕ್ಕ?” ಮಲಯಾಳದಲ್ಲಿ ರಾಜಿ ಎಂದರೆ ರಾಜೀನಾಮೆ. ದೂರು ಕೊಟ್ಟರೆ ಕೆಲಸ ಹೋಗುತ್ತದೆ ಎಂದೇ ಆಕೆ, ಬಹುಶಃ ಆಕೆಯಂಥ ಇನ್ನೂ ಎಷ್ಟೋ ಮಂದಿ, ಅಷ್ಟು ವರ್ಷ ತಿಳಿದಿರಬಹುದು. ಅದೂ ಲೈಂಗಿಕ ಕಿರುಕುಳದ ದೂರಿನ ಪರಿಚ್ಛೇದದಲ್ಲಿ. ಆ ದಿನ ನನಗೆ ಊಟ ಸೇರಲಿಲ್ಲ.

ಆ ಭಾಗವನ್ನು ಸಂಪೂರ್ಣ ಬೇರೆಯಾಗಿ ಬರೆದೆವು. ಹತ್ತು ಅಥವಾ ಹೆಚ್ಚು ಮಂದಿ ಕೆಲಸ ಮಾಡುವಲ್ಲಿ 2013ರ ಕಾಯಿದೆಯಂತೆ ಆಂತರಿಕ ಸಮಿತಿ ಇರಬೇಕು, ಅದರ ಮುಖ್ಯಸ್ಥರು ಹೆಂಗಸೇ ಆಗಿರಬೇಕು, ಸದಸ್ಯರಲ್ಲಿ ಕಡಿಮೆಯೆಂದರೆ ಅರ್ಧದಷ್ಟು ಹೆಂಗಸರಿರಬೇಕು, ಹೊರಗಿನವರೊಬ್ಬರು ಇರಬೇಕು, ಘಟನೆ ನಡೆದ ಮೂರು ತಿಂಗಳೊಳಗೆ ದೂರು ಬರೆದು ಕೊಡಬಹುದು, ಬರೆಯಲು ಬಾರದಿದ್ದರೆ ಬರೆಯಲು ಸಹಾಯ ಮಾಡಬೇಕಾದ್ದು ಸಮಿತಿಯ ಹೊಣೆ ಎಂದು ಚಿಕ್ಕ ಚಿಕ್ಕ ವಾಕ್ಯಗಳಲ್ಲಿ ಹೇಳಿದೆವು. ಕೊನೆಗೆ, ದೂರು ಕೊಟ್ಟದ್ದಕ್ಕಾಗಿ ಯಾರನ್ನೂ ಕೆಲಸದಿಂದ ತೆಗೆಯುವುದಿಲ್ಲ ಎಂಬ ಸಾಲನ್ನು ದಪ್ಪ ಅಕ್ಷರದಲ್ಲಿ ಹಾಕಿದೆವು.

ಇಂಥದೇ ಇನ್ನೊಂದು ಪದ ‘ಅವಧಿ’. ಕನ್ನಡದಲ್ಲಿ ಅದು ಕಾಲಾವಧಿ. ಮಲಯಾಳದಲ್ಲಿ ದಿನಬಳಕೆಯ ಅರ್ಥ ರಜೆ. ‘ಪರೀಕ್ಷಾರ್ಥ ಅವಧಿ ಆರು ತಿಂಗಳು’ ಎಂಬುದನ್ನು ಕೇಳಿದವರು ಮುಖ ಮುಖ ನೋಡಿದರು. ಅರ್ಜಿಗೆ ಅಲ್ಲಿ ‘ಅಪೇಕ್ಷೆ’ ಎನ್ನುತ್ತಾರೆ, ರುಜುವಿಗೆ ‘ಒಪ್ಪು’. ಗಡಿಯಲ್ಲಿ ಬದುಕುವವರ ಕಿವಿ ಎರಡು ಭಾಷೆಗಳನ್ನು ಒಟ್ಟಿಗೆ ಕೇಳುತ್ತದೆ, ಆದ್ದರಿಂದ ಬೆಂಗಳೂರಿನಲ್ಲಿ ನಿರ್ದೋಷವಾದ ಕನ್ನಡ ವಾಕ್ಯ ಇಲ್ಲಿ ದಾರಿ ತಪ್ಪಿಸಬಹುದು. ‘ಮೊದಲ ಆರು ತಿಂಗಳು ಕೆಲಸ ಕಲಿಯುವ ಸಮಯ, ಈ ಆರು ತಿಂಗಳಿಗೂ ಸಂಬಳ, ಪಿ.ಎಫ್., ಇ.ಎಸ್.ಐ. ಎಲ್ಲ ಇದೆ’ ಎಂದು ಬರೆದಾಗ ಎರಡೂ ಕಡೆಯವರಿಗೆ ಅರ್ಥವಾಯಿತು. ಭವಿಷ್ಯ ನಿಧಿ, ಉಪದಾನ, ನಾಮನಿರ್ದೇಶನ ಎಂಬ ಪದಗಳನ್ನು ನಾನು ಬಹಳ ಪ್ರೀತಿಯಿಂದ ಬರೆದಿದ್ದೆ. ಓದಿಸಿದಾಗ ಯಾರಿಗೂ ಗುರುತು ಸಿಗಲಿಲ್ಲ. ಪಿ.ಎಫ್., ಗ್ರಾಚ್ಯುಟಿ, ನಾಮಿನಿ ಎಂದೇ ಬರೆದೆವು. ಕನ್ನಡದ ಅಭಿಮಾನ ನನಗೂ ಇದೆ. ಆದರೆ ಗಂಡನ ಹೆಸರನ್ನು ಯಾವ ಕಾಲಮಿನಲ್ಲಿ ತುಂಬಬೇಕೆಂದು ತಿಳಿಯದೆ ನಿಂತಿರುವವಳ ಎದುರು ಆ ಅಭಿಮಾನವನ್ನು ಸಾಧಿಸಬಾರದು.

ಓದಲಾಗದ ಮೂವರಿಗಾಗಿ, ಹಾಗೂ ಓದುವುದಕ್ಕಿಂತ ಕೇಳುವುದೇ ಹಿತವೆನ್ನುವವರಿಗಾಗಿ, ಅದೇ ವಿಷಯಗಳನ್ನು ಹಿರಿಯ ಅಕ್ಕನ ಸ್ವರದಲ್ಲಿ ತುಳುವಿನಲ್ಲಿ ಧ್ವನಿಮುದ್ರಿಸಿ ವಾಟ್ಸಾಪ್‌ನಲ್ಲಿ ಕಳಿಸುವ ಏರ್ಪಾಡು ಮಾಡಿದೆವು. ಒಂದೊಂದೂ ಎರಡು ನಿಮಿಷದೊಳಗೆ ಮುಗಿಯುತ್ತದೆ. ಕೈಪಿಡಿಗಿಂತ ಹೆಚ್ಚು ಊರು ಸುತ್ತಿದ್ದು ಆ ಧ್ವನಿಗಳು.

ಹೆಸರಿನ ಕೊನೆಯ ಅಕ್ಷರ

ಸ್ವಾಗತದ ಕಟ್ಟಿನಲ್ಲಿ ಹೆಚ್ಚು ಶ್ರಮ ಹಿಡಿದದ್ದು ‘ಹೆಸರು ಸರಿ ನೋಡುವ ಹಾಳೆ’ ಎಂದು ನಾವು ಕರೆಯುವ ಒಂದೇ ಪುಟ. ಅದರ ಹಿಂದೆ ಒಂದು ನೋವಿನ ಕಥೆಯಿದೆ. ನಮ್ಮಲ್ಲಿ ಕಾವಲುಗಾರರಾಗಿದ್ದ ಹಿರಿಯರೊಬ್ಬರು ನಿವೃತ್ತರಾಗಿ ಪಿ.ಎಫ್. ಹಣಕ್ಕೆ ಅರ್ಜಿ ಹಾಕಿದಾಗ ಅದು ತಿರಸ್ಕೃತವಾಯಿತು. ಅವರ ಕನ್ನಡ ಶಾಲೆಯ ಪ್ರಮಾಣಪತ್ರದಲ್ಲಿ ಹೆಸರು ಅಕಾರಾಂತವಾಗಿದ್ದರೆ ಆಧಾರ್ ಕಾರ್ಡಿನಲ್ಲಿ ಕೊನೆಗೆ ಒಂದು ‘ನ್’ ಸೇರಿತ್ತು. ಇಲ್ಲಿ ಇದು ಮನೆ ಮನೆಯ ಸಮಸ್ಯೆ. ನಮ್ಮ ಬಾಲಕೃಷ್ಣ ಮಲಯಾಳದ ರೂಢಿಯಲ್ಲಿ ಬಾಲಕೃಷ್ಣನ್ ಆಗುತ್ತಾನೆ, ಪದ್ಮನಾಭ ಪದ್ಮನಾಭನ್ ಆಗುತ್ತಾನೆ. ಸರಕಾರಿ ಸೇವೆಗಳಿಗೆ ಅರ್ಜಿ ತುಂಬುವ ಅಕ್ಷಯ ಕೇಂದ್ರದಲ್ಲಿ ಟೈಪ್ ಮಾಡುವವರು ತಮ್ಮ ಕಿವಿಗೆ ಒಗ್ಗಿದ್ದನ್ನು ಬರೆದರೆ ಅವರನ್ನು ದೂರುವಂತಿಲ್ಲ. ಇನಿಷಿಯಲ್ ಕೂಡ ಹಾಗೆಯೇ: ಶಾಲೆಯ ಪತ್ರದಲ್ಲಿ ಹೆಸರಿನ ಮುಂದೆ, ಆಧಾರ್‌ನಲ್ಲಿ ಹೆಸರಿನ ಹಿಂದೆ, ಬ್ಯಾಂಕ್ ಪುಸ್ತಕದಲ್ಲಿ ಬಿಡಿಸಿ ಬರೆದ ತಂದೆಯ ಹೆಸರು. ತಪ್ಪು ಯಾರದೆಂದರೆ ನಮ್ಮದು. ಅವರು ಸೇರಿದ ದಿನ ನಾವು ಮೂರು ಕಾಗದಗಳನ್ನು ಒಟ್ಟಿಗಿಟ್ಟು ನೋಡದೆ, ಕೈಗೆ ಸಿಕ್ಕಿದ ಒಂದರಿಂದ ಹೆಸರನ್ನು ತುಂಬಿಸಿದ್ದೆವು. ಎಲ್ಲ ಸರಿಪಡಿಸಿ ಹಣ ಅವರ ಕೈ ಸೇರುವಾಗ ಹನ್ನೊಂದು ತಿಂಗಳು ಕಳೆದಿತ್ತು, ಅಷ್ಟರಲ್ಲಿ ಮಗಳ ಮದುವೆಗೆ ಅವರು ಸಾಲ ಮಾಡಿಯಾಗಿತ್ತು.

ಆದ್ದರಿಂದ ಹೊಸ ಹಾಳೆಯಲ್ಲಿ ಆಧಾರ್, ಬ್ಯಾಂಕ್ ಪುಸ್ತಕ, ಶಾಲೆಯ ಪ್ರಮಾಣಪತ್ರ ಎಂದು ಮೂರು ಸಾಲು ಗೆರೆ ಎಳೆದು, ಪ್ರತಿ ಅಕ್ಷರಕ್ಕೂ ಒಂದೊಂದು ಚೌಕ ಮಾಡಿದೆವು. ಮೂರರಲ್ಲಿಯೂ ಇರುವಂತೆಯೇ ಇಂಗ್ಲಿಷ್ ಅಕ್ಷರಗಳನ್ನು ಒಂದರ ಕೆಳಗೊಂದು ಬರೆಯಿಸಿದರೆ ಓದಲು ಬಾರದವರಿಗೂ ವ್ಯತ್ಯಾಸ ಕಣ್ಣಿಗೆ ಬೀಳುತ್ತದೆ. ಹುಟ್ಟಿದ ದಿನಾಂಕವೂ ಹಾಗೆಯೇ. ಆಧಾರ್‌ನಲ್ಲಿ ಹೆಸರನ್ನು ಜೀವಮಾನದಲ್ಲಿ ಎರಡು ಸಲ, ಹುಟ್ಟಿದ ದಿನಾಂಕವನ್ನು ಒಂದು ಸಲ ಮಾತ್ರ ಬದಲಿಸಲು ಅವಕಾಶವಿರುವುದರಿಂದ, ಅವಸರದಲ್ಲಿ ತಿದ್ದಿಸಲು ಓಡಬೇಡಿ, ಯಾವುದನ್ನು ಯಾವುದಕ್ಕೆ ಸರಿಹೊಂದಿಸಬೇಕೆಂದು ಮೊದಲು ಕಚೇರಿಯಲ್ಲಿ ಕೇಳಿ ಎಂದೂ ಸೇರಿಸಿದೆವು. ಸರಿಪಡಿಸಲು ಹೋಗುವ ಅರ್ಧ ದಿನಕ್ಕೆ ಸಂಬಳ ಕಡಿಯುವುದಿಲ್ಲ ಎಂದು ಯಜಮಾನರಿಂದ ಒಪ್ಪಿಗೆ ಪಡೆದೆ. ಈ ಒಂದು ಸಾಲಿಗಾಗಿ ನಾನು ಮೂರು ಸಲ ಅವರ ಕೋಣೆಗೆ ಹೋಗಬೇಕಾಯಿತು.

ಕಾಗದಗಳನ್ನು ನಾಲ್ಕು ದಿನಕ್ಕೆ ಹಂಚಿದ್ದು

ಮೊದಲ ದಿನವೇ ಎಲ್ಲವನ್ನೂ ಕೈಗೆ ಕೊಟ್ಟರೆ ಯಾವುದನ್ನೂ ಕೊಟ್ಟಂತಾಗುವುದಿಲ್ಲ ಎಂಬುದು ಓದಿಸಿ ನೋಡಿದಾಗಲೇ ಸ್ಪಷ್ಟವಾಗಿತ್ತು. ಹೊಸ ಜಾಗ, ಹೊಸ ಮುಖ, ಯಂತ್ರದ ಸದ್ದು, ಬಾಯಾರಿಕೆ, ಶೌಚಾಲಯ ಎಲ್ಲಿದೆಯೋ ಎಂಬ ಸಂಕೋಚ, ಇವುಗಳ ನಡುವೆ ಗ್ರಾಚ್ಯುಟಿಯ ಲೆಕ್ಕ ಯಾರ ತಲೆಗೂ ಹೋಗುವುದಿಲ್ಲ. ಆದ್ದರಿಂದ ಚೀಲವನ್ನು ನಾಲ್ಕು ಸಲಕ್ಕೆ ಒಡೆದೆವು.

ಸೇರುವುದಕ್ಕೆ ಮೂರು ದಿನ ಮೊದಲು ಒಂದು ಹಾಳೆ ಮನೆಗೆ ತಲುಪುತ್ತದೆ, ಹೆಚ್ಚಾಗಿ ಅದೇ ದಾರಿಯ ಹಳಬರೊಬ್ಬರ ಕೈಯಲ್ಲಿ. ಬಳೆ, ಉಂಗುರ, ಮೂಗುತಿ ತೆಗೆದಿಡಬೇಕು, ಏಕೆ ಎಂಬುದು ಅದರಲ್ಲಿದೆ. ಕರಿಮಣಿಯನ್ನು ಕುತ್ತಿಗೆ ಮುಚ್ಚುವ ಕೋಟಿನೊಳಗೆ ಸೇರಿಸಿಕೊಳ್ಳಬಹುದು ಎಂದೂ ಇದೆ. ಉಗುರು ಕತ್ತರಿಸಿರಬೇಕು, ವೈದ್ಯಕೀಯ ತಪಾಸಣೆ ವರ್ಷಕ್ಕೊಮ್ಮೆ ಇರುತ್ತದೆ, ಅದರ ಖರ್ಚು ಘಟಕದ್ದು. ಕುಂಬಳೆ, ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆಯ ಬಸ್ಸಿನ ಹೊತ್ತುಗಳನ್ನು ಮುದ್ರಿಸದೆ ಕೈಯಿಂದ ಬರೆದು ಸೇರಿಸುತ್ತೇವೆ, ಏಕೆಂದರೆ ಅವು ಬದಲಾಗುತ್ತಲೇ ಇರುತ್ತವೆ. ಊಟ ತರಬೇಕೆ, ನೀರು ಅಲ್ಲಿದೆಯೇ, ಯಾರನ್ನು ಕೇಳಿಕೊಂಡು ಬರಬೇಕು ಎಂಬ ಮೂರು ಪ್ರಶ್ನೆಗೆ ಉತ್ತರವಿದೆ.

ಮೊದಲ ದಿನ ಕೊಡುವುದು ಬಟ್ಟೆಯ ಚೀಲ. ಅಳತೆ ನೋಡಿ ಹೊಲಿಸಿದ ಎರಡು ಕೋಟು, ತಲೆಗೆ ಟೋಪಿ, ಗವಸು, ಸಣ್ಣ ಬಾಟಲಿಯಲ್ಲಿ ತೆಂಗಿನೆಣ್ಣೆ, ಕಪಾಟಿನ ಬೀಗ ಮತ್ತು ಕೀ. ಆ ಕೀ ಸಿಕ್ಕಿದಾಗ ಹೊಸಬರ ಮುಖದಲ್ಲಿ ಕಾಣುವ ನಿರಾಳವನ್ನು ಸ್ಟೀಲ್ ಬಾಟಲಿ ಕೊಡುವಾಗ ನಾನು ಕಂಡಿರಲಿಲ್ಲ. ನೇಮಕಾತಿ ಪತ್ರದ ಎರಡು ಪ್ರತಿಗಳಿಗೆ ರುಜು ಹಾಕಿಸಿ ಒಂದನ್ನು ಅಂದೇ ಅವರಿಗೆ ಕೊಡುತ್ತೇವೆ. ಜೊತೆಗೆ ಒಬ್ಬ ಹಳಬರನ್ನು ಹದಿನೈದು ದಿನಕ್ಕೆ ಜೊತೆಗಾರರಾಗಿ ಒಪ್ಪಿಸುತ್ತೇವೆ. ಕಿಲೋ ಲೆಕ್ಕದ ಕೂಲಿಯವರು ಕಲಿಸಲು ಕೂತರೆ ಅವರ ಸುಲಿತ ಕಡಿಮೆಯಾಗುತ್ತದೆ. ಆ ನಷ್ಟವನ್ನು ತುಂಬಿಕೊಡದೆ ಕಲಿಸಿ ಎನ್ನುವುದು ಅನ್ಯಾಯ. ಆದ್ದರಿಂದ ಆ ಹದಿನೈದು ದಿನ ಜೊತೆಗಾರರಿಗೆ ಹಿಂದಿನ ತಿಂಗಳ ಸರಾಸರಿಯ ಲೆಕ್ಕದಲ್ಲಿ ಕೊಡುತ್ತೇವೆ.

ಏಳನೆಯ ದಿನ ಗ್ರೇಡಿನ ಹಾಳೆ ಬರುತ್ತದೆ. ಡಬ್ಲ್ಯು-180, ಡಬ್ಲ್ಯು-240, ಡಬ್ಲ್ಯು-320 ಎಂಬ ಅಂಕಿಗಳು ಒಂದು ಪೌಂಡಿಗೆ, ಎಂದರೆ ಸುಮಾರು 454 ಗ್ರಾಮಿಗೆ, ಎಷ್ಟು ಇಡೀ ತಿರುಳು ತೂಗುತ್ತವೆ ಎಂಬುದನ್ನು ಸೂಚಿಸುತ್ತವೆ. ಅಂಕಿ ಸಣ್ಣದಾದಷ್ಟೂ ತಿರುಳು ದೊಡ್ಡದು. ವರ್ಷಗಟ್ಟಲೆ ಕೆಲಸ ಮಾಡಿದವರಲ್ಲೂ ಕೆಲವರಿಗೆ ಈ ಅಂಕಿ ಎಲ್ಲಿಂದ ಬಂತೆಂದು ಗೊತ್ತಿರಲಿಲ್ಲ. ಹಾಳೆಯ ಮೇಲೆ ತಿರುಳಿನ ನಿಜ ಗಾತ್ರದ ಚಿತ್ರವಿದೆ. ಅದೇ ದಿನ ಹೆಸರು ಸರಿ ನೋಡುವ ಹಾಳೆಯನ್ನೂ ತುಂಬಿಸುತ್ತೇವೆ.

ನಾಲ್ಕನೆಯದು ಮೊದಲ ಸಂಬಳದ ದಿನದ್ದು. ಒಂದು ಉದಾಹರಣೆಯ ಲೆಕ್ಕವನ್ನು ಹಾಳೆಯಲ್ಲಿ ಬಿಡಿಸಿ ತೋರಿಸಿದ್ದೇವೆ. ಸಂಬಳ 12,000 ರೂಪಾಯಿ ಎಂದಿಟ್ಟುಕೊಂಡರೆ ಕೆಲಸಗಾರರಿಂದ ಪಿ.ಎಫ್.ಗೆ ಶೇಕಡಾ 12ರಂತೆ 1,440 ರೂಪಾಯಿ, ಇ.ಎಸ್.ಐ.ಗೆ ಶೇಕಡಾ 0.75ರಂತೆ 90 ರೂಪಾಯಿ ಹೋಗಿ 10,470 ಉಳಿಯುತ್ತದೆ. ಇಷ್ಟೇ ಹೇಳಿ ನಿಲ್ಲಿಸಿದರೆ ಅದು ಕಡಿತದ ಪಟ್ಟಿಯಷ್ಟೇ ಆಗುತ್ತದೆ. ಆದ್ದರಿಂದ ಪಕ್ಕದಲ್ಲೇ ಮಾಲಕರ ಕಡೆಯಿಂದ ಹೋಗುವುದನ್ನೂ ಬರೆದೆವು: ಪಿ.ಎಫ್. ಮತ್ತು ಪೆನ್ಷನ್ ಸೇರಿ 1,440, ಇ.ಎಸ್.ಐ.ಗೆ ಶೇಕಡಾ 3.25ರಂತೆ 390. ಎರಡೂ ಕಡೆಯ ಪಿ.ಎಫ್. ಮತ್ತು ಪೆನ್ಷನ್ ಸೇರಿ 2,880 ರೂಪಾಯಿ ಪ್ರತಿ ತಿಂಗಳು ತಮ್ಮ ಹೆಸರಿನಲ್ಲಿ ಜಮೆಯಾಗುತ್ತದೆಂದು ತಿಳಿದಾಗ, ಹಿಂದೆ ಮೋಸ ಎಂದು ಅನಿಸಿದ್ದೇ ಬೇರೆಯಾಗಿ ಕಾಣುತ್ತದೆ. ಗೇರುಬೀಜ ಕಾರ್ಮಿಕರ ಕ್ಷೇಮನಿಧಿಯ ವಂತಿಗೆ ಬೇರೆ ಸಾಲಿನಲ್ಲಿದೆ.

ಇ.ಎಸ್.ಐ. ವಿಷಯದಲ್ಲಿ ಒಂದು ಗೊಂದಲವನ್ನು ಬಿಡಿಸಬೇಕಾಗಿತ್ತು. ಸೇರಿದ ದಿನದಿಂದಲೇ ತನಗೂ ಅವಲಂಬಿತ ಮನೆಯವರಿಗೂ ಚಿಕಿತ್ಸೆ ಸಿಗುತ್ತದೆ. ಸೇರಿದ ಮೊದಲ ದಿನವೇ ಕೆಲಸದಲ್ಲಿ ಗಾಯವಾದರೂ ಅದು ಲೆಕ್ಕಕ್ಕೆ ಬರುತ್ತದೆ. ಆದರೆ ಕಾಯಿಲೆ ರಜೆಗೆ ಸಿಗುವ ನಗದು, ಎಂದರೆ ಸರಾಸರಿ ದಿನಗೂಲಿಯ ಶೇಕಡಾ 70, ಹೊಸಬರಿಗೆ ಶುರುವಾಗುವುದು ಒಂಬತ್ತು ತಿಂಗಳ ಮೇಲೆ, ಅದೂ ವಂತಿಗೆಯ ಅವಧಿಯಲ್ಲಿ ಬೇಕಾದಷ್ಟು ದಿನ ದುಡಿದಿದ್ದರೆ. ಮೊದಲ ಮಳೆಗಾಲದ ಜ್ವರಕ್ಕೆ ನಗದು ಸಿಗಲಿಲ್ಲವೆಂದು ಇಡೀ ಯೋಜನೆಯೇ ಸುಳ್ಳೆಂದು ತಿಳಿದವರಿದ್ದರು.

ಸಂಬಳ ಸಹಿತ ರಜೆಯ ವಿಷಯದಲ್ಲಿ ನಮ್ಮ ಹಳೆಯ ಕೈಪಿಡಿಯೇ ತಪ್ಪಾಗಿತ್ತು. ವರ್ಷದಲ್ಲಿ 240 ದಿನ ದುಡಿದವರಿಗೆ ಮಾತ್ರ ಎಂದು ಅದರಲ್ಲಿ ಬರೆದಿದ್ದೆ. ಜೂನ್‌ನಲ್ಲಿ ಸೇರಿದವರು ಆ ವರ್ಷ 240 ದಿನ ದುಡಿಯುವುದು ಸಾಧ್ಯವೇ ಇಲ್ಲ. ಆಗಿನ ಕಾರ್ಖಾನೆ ಕಾಯಿದೆಯ 79ನೇ ಕಲಮನ್ನು ಪೂರ್ತಿ ಓದಿದಾಗ, ನಡುವರ್ಷದಲ್ಲಿ ಸೇರಿದವರು ಆ ವರ್ಷದ ಉಳಿದ ದಿನಗಳ ಮೂರರಲ್ಲಿ ಎರಡು ಪಾಲು ದುಡಿದಿದ್ದರೆ, ಪ್ರತಿ 20 ದಿನಕ್ಕೆ ಒಂದರಂತೆ ರಜೆಗೆ ಅರ್ಹರು ಎಂದು ಕಂಡಿತು. ಹಿಂದಿನ ಎರಡು ವರ್ಷಗಳಲ್ಲಿ ಹೀಗೆ ರಜೆ ಕಳೆದುಕೊಂಡವರನ್ನು ಹುಡುಕಿ ಆ ದಿನಗಳನ್ನು ಅವರ ಲೆಕ್ಕಕ್ಕೆ ಸೇರಿಸಿದೆವು. ಹಬ್ಬದ ರಜೆಯ ಪಟ್ಟಿಯನ್ನೂ ಈ ಹಾಳೆಯ ಹಿಂದೆ ಕೊಡುತ್ತೇವೆ. ಓಣಂಗೆ ಎಷ್ಟು, ದೀಪಾವಳಿಗೆ ಎಷ್ಟು, ಬಕ್ರೀದ್‌ಗೆ ಎಷ್ಟು ಎಂಬ ಮಾತು ಪ್ರತಿವರ್ಷ ಬರುತ್ತದೆ. ಈಗ ಡಿಸೆಂಬರ್‌ನಲ್ಲೇ ಎಲ್ಲರನ್ನೂ ಕೂರಿಸಿ ತೀರ್ಮಾನಿಸುತ್ತೇವೆ.

ಮೊದಲ ತಿಂಗಳ ಕೈಬಿಗಿತಕ್ಕೂ ದಾರಿ ಮಾಡಿದೆವು. ಸೇರಿದ ಎರಡನೇ ಶನಿವಾರ, ದುಡಿದ ದಿನಗಳ ಸಂಬಳದ ಅರ್ಧದವರೆಗೆ ಮುಂಗಡ ಕೇಳಬಹುದು, ಬಡ್ಡಿಯಿಲ್ಲ, ಕಾರಣ ಹೇಳಬೇಕಾಗಿಲ್ಲ. ಕಾರಣ ಹೇಳಬೇಕಾಗಿಲ್ಲ ಎಂಬ ಎರಡು ಪದಗಳನ್ನು ಸೇರಿಸಲು ಹೇಳಿದ್ದು ಹಿರಿಯ ಅಕ್ಕ.

2023ರ ಜೂನ್

ಆ ವರ್ಷ ಹನ್ನೊಂದು ಮಂದಿ ಸೇರಿದರು. ಓಣಂ ಹೊತ್ತಿಗೆ ಒಬ್ಬರು ಬಿಟ್ಟಿದ್ದರು, ಅದೂ ಗಂಡನ ಊರಿಗೆ ಮನೆ ಬದಲಿಸಿದ್ದರಿಂದ. ಇದೆಲ್ಲ ಚೀಲದಿಂದಲೇ ಆಯಿತೆಂದು ನಾನು ಹೇಳುವುದಿಲ್ಲ. ಬಸ್ಸಿನ ಹೊತ್ತನ್ನು ಹಾಳೆಯ ಮೇಲೆ ಬರೆಯಲು ಕೂತಾಗಲೇ 5.20ರ ಬಸ್ಸಿಗೂ ನಮ್ಮ 5.30ಕ್ಕೂ ಇರುವ ಹತ್ತು ನಿಮಿಷ ಯಜಮಾನರ ಕಣ್ಣಿಗೆ ಬಿದ್ದು, ಬೆಳಿಗ್ಗೆ ಇಪ್ಪತ್ತು ನಿಮಿಷ ಬೇಗ ತೆರೆದು ಸಂಜೆ 5.10ಕ್ಕೆ ಬಿಡುವಂತೆ ಬದಲಿಸಿದ್ದರು. ಪೆರ್ಲ ಕಡೆಯವರು ಉಳಿದದ್ದಕ್ಕೆ ಅದೇ ಮುಖ್ಯ ಕಾರಣವಿರಬಹುದು. ಖರ್ಚು ಹಳೆಯ ಚೀಲಕ್ಕಿಂತ ಹೆಚ್ಚಾಗಲಿಲ್ಲ. ಡೈರಿ ಮತ್ತು ಬಾಟಲಿಯ ಹಣ ಕೋಟುಗಳಿಗೂ ಬೀಗಕ್ಕೂ ಸರಿಯಾಯಿತು.

ಉಳಿದ ಕೊರತೆಗಳಿವೆ. ಹಿಂದಿ ಹಾಳೆಯನ್ನು ಆಮೇಲೆ ಮಾಡಿದೆವು, ಆದರೆ ಅದನ್ನು ಪಡೆದ ಒಡಿಶಾದ ಇಬ್ಬರು ತಮಗೆ ಹಿಂದಿ ಆಡಲು ಬರುತ್ತದೆ, ಓದಲು ಬರುವುದಿಲ್ಲ ಎಂದರು. ಗುತ್ತಿಗೆದಾರರ ಮೂಲಕ ಮೂಟೆ ಇಳಿಸಲು ಬರುವವರಿಗೆ ಈ ಚೀಲ ಇನ್ನೂ ತಲುಪಿಲ್ಲ, ಗವಸು ಮತ್ತು ಎಣ್ಣೆಯನ್ನಷ್ಟೇ ಕೊಡುತ್ತಿದ್ದೇವೆ.

ಸಂಬಳದ ದಿನದ ಹಾಳೆಯ ಕೊನೆಯಲ್ಲಿ ಐದು ಖಾಲಿ ಗೆರೆಗಳಿವೆ. ಈ ಹಾಳೆಯಲ್ಲಿ ಉತ್ತರ ಸಿಗದ ಪ್ರಶ್ನೆ ಇದ್ದರೆ ಬರೆಯಿರಿ ಎಂದು ಅದರ ಮೇಲಿದೆ. ಆ ಜುಲೈಯಲ್ಲಿ ಒಬ್ಬಳು ಮಲಯಾಳ ಬದಿಯಲ್ಲಿ ಕನ್ನಡ ಅಕ್ಷರದಲ್ಲಿ ಬರೆದಿದ್ದಳು: ಮಳೆ ಜೋರೆಂದು ಕಲೆಕ್ಟರ್ ಶಾಲೆಗೆ ರಜೆ ಕೊಟ್ಟರೆ ಮಕ್ಕಳನ್ನು ಎಲ್ಲಿ ಬಿಡುವುದು? ಮೂವತ್ತಕ್ಕಿಂತ ಹೆಚ್ಚು ಹೆಂಗಸರಿರುವ ಕಾರ್ಖಾನೆಯಲ್ಲಿ ಆರು ವರ್ಷದೊಳಗಿನ ಮಕ್ಕಳಿಗೆ ಶಿಶುಪಾಲನಾ ಕೊಠಡಿ ಇರಬೇಕೆಂದು ಆಗಿನ ಕಾರ್ಖಾನೆ ಕಾಯಿದೆ ಹೇಳುತ್ತಿತ್ತು. ನಮ್ಮಲ್ಲಿ ಕೊಠಡಿಯಿತ್ತು, ಅದರಲ್ಲಿ ಖಾಲಿ ಗೋಣಿಚೀಲಗಳನ್ನು ಪೇರಿಸಿದ್ದೆವು. ಆ ವಾರವೇ ಗೋಣಿಗಳನ್ನು ಹೊರಗೆ ಹಾಕಿಸಿ, ಸುಣ್ಣ ಬಳಿಸಿ, ನೋಡಿಕೊಳ್ಳಲು ಒಬ್ಬರನ್ನು ನೇಮಿಸಿದೆವು. ಮನೆಗೆ ಮೊದಲೇ ತಲುಪುವ ಹಾಳೆಯಲ್ಲಿ ಈಗ ಕೊಠಡಿ ತೆರೆದಿರುವ ಹೊತ್ತು ಬರೆದಿದೆ. ಆರು ದಾಟಿ ಶಾಲೆಗೆ ಹೋಗುವ ಮಕ್ಕಳನ್ನು ಅಂಥ ದಿನ ಅಲ್ಲಿಗೆ ಕರೆತರಬಹುದೇ ಎಂಬುದಕ್ಕೆ ಯಜಮಾನರು ಇನ್ನೂ ಒಪ್ಪಿಲ್ಲ. ಆ ಸಾಲಿನ ಜಾಗವನ್ನು ಹಾಳೆಯಲ್ಲಿ ಖಾಲಿ ಬಿಟ್ಟೇ ಮುದ್ರಣಕ್ಕೆ ಕಳಿಸಿದ್ದೇನೆ.